ಹಳೆ ಪಿಕಪ್ಪಿನಡಿ ಎಣ್ಣೆ ಕಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡಿನ ನೀರ್ಚಾಲು, ಪೆರ್ಲ, ಮುಳ್ಳೇರಿಯ ಕಡೆ ಅಡಿಕೆ, ತೆಂಗಿನಕಾಯಿ, ಕೆಂಪುಕಲ್ಲು ಹೊರುವ ಪಿಕಪ್ಪುಗಳಲ್ಲಿ ಹದಿನೈದು ವರ್ಷ ದಾಟಿಯೂ ಸೋರದ ಒಂದನ್ನು ತೋರಿಸಿ ನೋಡೋಣ. ನನ್ನದೂ ಸೋರುತ್ತದೆ. ನಾನು ಮೆಕ್ಯಾನಿಕ್ ಅಲ್ಲ, ಬಾಡಿಗೆಗೆ ಓಡಿಸುವವ. ಗಾಡಿಯಡಿ ಮಲಗಿ, ತಪ್ಪು ಮಾಡಿ, ದುಡ್ಡು ಕಳಕೊಂಡು ಕಲಿತದ್ದು. ಸ್ಟ್ಯಾಂಡಿನಲ್ಲಿ ಕೇಳಿದವರಿಗೆಲ್ಲ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಬೆಳಿಗ್ಗೆ ಗಾಡಿ ತೆಗೆದ ಮೇಲೆ ಅಂಗಳದಲ್ಲಿ ಕಲೆ ಕಂಡಿತು. ಮೊದಲು ಏನು ಮಾಡಬೇಕು?

ಗಾಡಿಯನ್ನು ಸಮತಟ್ಟು ಜಾಗಕ್ಕೆ ತಂದು ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಮೂರು ಕಡೆ ನೋಡಿ: ಇಂಜಿನ್ ಆಯಿಲಿನ ಗೇಜ್ ಕಡ್ಡಿ, ಕೂಲೆಂಟ್ ಡಬ್ಬಿ, ಬ್ರೇಕ್ ಆಯಿಲ್ ಡಬ್ಬಿ. ಮೂರೂ ಸರಿ ಇದ್ದರೆ ಗಾಬರಿ ಬೇಡ. ಬ್ರೇಕ್ ಆಯಿಲ್ ಇಳಿದಿದ್ದರೆ ಮಾತ್ರ ಗಾಡಿ ಕದಲಿಸಬೇಡಿ, ಕೆಳಗಿನ ಬ್ರೇಕಿನ ಪ್ರಶ್ನೆಗೆ ಹೋಗಿ.

ಆ ದಿನ ರಾತ್ರಿ ಗಾಡಿಯಡಿ ರಟ್ಟು ಹಾಸಿ. ನಾನು ಅಡಿಕೆ ಹಾಳೆ ಹಾಸುತ್ತೇನೆ. ತೋಟದಲ್ಲಿ ಬೇಕಾದಷ್ಟು ಬಿದ್ದಿರುತ್ತದೆ, ಚೆನ್ನಾಗಿ ಒಣಗಿದ್ದನ್ನು ಒಳಮೈ ಮೇಲೆ ಮಾಡಿ ಇಟ್ಟರೆ ಆ ನಸುಬಿಳಿಯ ಮೇಲೆ ತೊಟ್ಟಿನ ಬಣ್ಣ ಸ್ಪಷ್ಟ ಕಾಣುತ್ತದೆ. ಇಂಜಿನ್ ಕೆಳಗೊಂದು, ಗೇರ್‌ಬಾಕ್ಸ್ ಕೆಳಗೊಂದು, ಹಿಂದಿನ ಹೌಸಿಂಗ್ (ಹಿಂದಿನ ಎರಡು ಚಕ್ರಗಳ ನಡುವಿನ ಗೇರಿನ ಗೂಡು) ಕೆಳಗೊಂದು, ನಾಲ್ಕು ಚಕ್ರದ ಒಳಬದಿಗೆ ಒಂದೊಂದು. ಯಾವ ಹಾಳೆ ಯಾವ ಜಾಗದ್ದು ಎಂದು ಅದರಲ್ಲೇ ಗೀಚಿಡಿ, ಇಲ್ಲದಿದ್ದರೆ ಬೆಳಿಗ್ಗೆ ಎತ್ತುವಾಗ ಎಲ್ಲ ಅಡಿಮೇಲು.

ಸೋರಿದ್ದು ಯಾವ ಎಣ್ಣೆ ಎಂದು ಗುರುತಿಸುವುದು ಹೇಗೆ?

ಬಣ್ಣ ಅರ್ಧ ಹೇಳುತ್ತದೆ, ವಾಸನೆ ಉಳಿದರ್ಧ.

ಕಪ್ಪಗೆ, ಬೆರಳಿಗೆ ಮಸಿಯಂತೆ ಅಂಟಿದರೆ ಇಂಜಿನ್ ಆಯಿಲ್. ಡೀಸೆಲ್ ಇಂಜಿನ್ನಿಗೆ ಹೊಸ ಆಯಿಲ್ ಹಾಕಿದರೂ ಕೆಲವೇ ದಿನದಲ್ಲಿ ಕಪ್ಪಾಗುತ್ತದೆ, ಅದು ದೋಷವಲ್ಲ. ದಪ್ಪಗೆ, ಜೇನಿನಿಂದ ಕಂದುಬಣ್ಣದವರೆಗೆ ಇದ್ದು, ಮೂಗಿಗೆ ಹಿಡಿದರೆ ಗಂಧಕದ ನಾತ ಬಂದರೆ ಗೇರ್ ಆಯಿಲ್. ಆ ವಾಸನೆ ಒಮ್ಮೆ ಕೈಗೆ ಹತ್ತಿದರೆ ಸೋಪಿಗೂ ಬಗ್ಗುವುದಿಲ್ಲ. ಹಸಿರು, ಗುಲಾಬಿ ಅಥವಾ ಕಿತ್ತಳೆ ಬಣ್ಣ, ಜಾರುವ ನೀರು, ಸಿಹಿ ವಾಸನೆ ಇದ್ದರೆ ಕೂಲೆಂಟ್. ಕೆಂಪಗಿನ ತೆಳು ಎಣ್ಣೆ ಮುಂದೆ ಸ್ಟೇರಿಂಗ್ ಬದಿಯಲ್ಲಿ ಬಿದ್ದಿದ್ದರೆ ಹೆಚ್ಚಾಗಿ ಪವರ್ ಸ್ಟೇರಿಂಗ್ ಆಯಿಲ್. ಹಳತಾದರೆ ಅದೂ ಕಂದಾಗುತ್ತದೆ. ನೀರಿನಷ್ಟು ತೆಳು, ನಸುಹಳದಿ, ಚಕ್ರದ ಒಳಬದಿಯಲ್ಲಿ ಅಥವಾ ಪೆಡಲಿನ ನೇರ ಕೆಳಗೆ ಇದ್ದರೆ ಬ್ರೇಕ್ ಅಥವಾ ಕ್ಲಚ್ ಆಯಿಲ್. ಡೀಸೆಲ್ ಯಾವುದೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ನಾಲಗೆಗೆ ಹಚ್ಚಿ ನೋಡುವ ಹಳಬರಿದ್ದಾರೆ. ಬೇಡ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ರುಚಿ ಮಾತ್ರ ಸಿಹಿ. ನಾಯಿ, ಬೆಕ್ಕು ಅದನ್ನು ನೆಕ್ಕಿದರೆ ಸಾಯುತ್ತವೆ.

ಬರೇ ನೀರು ತೊಟ್ಟಿಕ್ಕುತ್ತಿದೆ. ತೊಂದರೆಯೇ?

ಎಸಿ ಇರುವ ಗಾಡಿಯಾದರೆ, ಎಸಿ ಹಾಕಿ ಬಂದ ಮೇಲೆ ಎಡಗಡೆ ಡ್ಯಾಶ್‌ಬೋರ್ಡಿನಡಿ ನೀರು ಬಿದ್ದೇ ಬೀಳುತ್ತದೆ. ನಮ್ಮ ಸೆಕೆಗೆ ಸ್ವಲ್ಪ ಹೆಚ್ಚೇ ಬಿದ್ದೀತು. ಬಣ್ಣ, ವಾಸನೆ, ಜಾರು ಯಾವುದೂ ಇಲ್ಲದಿದ್ದರೆ ಬಿಟ್ಟುಬಿಡಿ.

ಕಲೆ ಬಿದ್ದ ಜಾಗದ ನೇರ ಮೇಲೆಯೇ ಸೋರಿಕೆ ಇರುವುದಲ್ಲವೇ?

ಅಲ್ಲ. ಎಲ್ಲರೂ ಎಡವುವುದು ಇಲ್ಲೇ. ಎಣ್ಣೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಟ್ಯಾಪೆಟ್ ಕವರಿನಿಂದ (ಇಂಜಿನಿನ ನೆತ್ತಿಯ ಮುಚ್ಚಳ) ಹೊರಟ ತೊಟ್ಟು ಇಂಜಿನ್ ಹಿಂಬದಿ ಜಾರಿ, ಬೆಲ್ ಹೌಸಿಂಗ್ (ಇಂಜಿನ್, ಗೇರ್‌ಬಾಕ್ಸ್ ನಡುವಿನ ಕ್ಲಚ್ಚಿನ ಗೂಡು) ಸುತ್ತಿ, ಗೇರ್‌ಬಾಕ್ಸಿನ ತಳದಿಂದ ಬೀಳುತ್ತದೆ. ನೋಡಿದವ 'ಗೇರ್‌ಬಾಕ್ಸ್ ಇಳಿಸಬೇಕು' ಎನ್ನುತ್ತಾನೆ. ಹಾಗೆ ಸುಮ್ಮನೆ ಇಳಿದ ಗೇರ್‌ಬಾಕ್ಸುಗಳು ಎಷ್ಟೋ.

ಕ್ರಮ ಹೀಗೆ. ಮೊದಲು ತೊಳೆಯಿರಿ. ಇಂಜಿನ್ ತಣ್ಣಗಿರುವಾಗ ಹಳೆ ಬ್ರಶ್ಶಿಗೆ ಡೀಸೆಲ್ ಹಚ್ಚಿ ಮೇಲಿನಿಂದ ಕೆಳಕ್ಕೆ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಸೋಪು ನೀರು ಹಾಕಿ ಒಣಗಿಸಿ. ಆಲ್ಟರ್ನೇಟರ್, ಸ್ಟಾರ್ಟರ್, ವಯರಿನ ಸಾಕೆಟ್ಟುಗಳಿಗೆ ಪ್ಲಾಸ್ಟಿಕ್ ಕಟ್ಟಿ. ಸರ್ವೀಸ್ ಸ್ಟೇಶನ್ನಿನ ಪೈಪಿನ ನೀರು ಅಲ್ಲಿಗೆ ನೇರ ಬೀಳಬಾರದು. ಬ್ರೇಕಿನ ರಬ್ಬರ್, ಬೆಲ್ಟುಗಳಿಗೆ ಡೀಸೆಲ್ ತಾಗಿಸಬೇಡಿ. ಪೂರ್ತಿ ಒಣಗಿದ ಮೇಲೆ ಸಂಶಯದ ಜಾಗಕ್ಕೆಲ್ಲ ಮುಖದ ಪೌಡರ್ ಉದುರಿಸಿ. ಹತ್ತು ಹದಿನೈದು ಕಿಲೋಮೀಟರ್ ಓಡಿಸಿ. ಬದಿಯಡ್ಕದಿಂದ ಒಂದು ಏರು ಹತ್ತಿ ಇಳಿದು ಬಂದರೆ ಇನ್ನೂ ಒಳ್ಳೆಯದು. ಬಂದು ಟಾರ್ಚ್ ಹಿಡಿದು ನೋಡಿ. ಪೌಡರಿನಲ್ಲಿ ಗೆರೆ ಎಳೆದಂತೆ ಎಣ್ಣೆಯ ದಾರಿ ಕಾಣುತ್ತದೆ. ಆ ಗೆರೆ ಹಿಡಿದು ಮೇಲೆ ಮೇಲೆ ಹೋಗಿ. ಅತಿ ಮೇಲಿನ, ಅತಿ ಮುಂದಿನ ಒದ್ದೆಯೇ ಮೂಲ.

ಅಡಿಗೆ ಹೋಗುವಾಗ ಒಂದು ಮಾತು: ಜಾಕಿ ಒಂದನ್ನೇ ನಂಬಿ ಮಲಗಬೇಡಿ, ಕೆಂಪುಕಲ್ಲು ಆಧಾರ ಕೊಡಬೇಡಿ. ಕೆಂಪುಕಲ್ಲು ಗೋಡೆಗೆ ಗಟ್ಟಿ. ಚಾಸಿಯ ಅಂಚು ಒಂದೇ ಕಡೆ ಒತ್ತಿದಾಗ ಹುಡಿಯಾಗಿ ಒಡೆಯುತ್ತದೆ. ದಪ್ಪ ಮರದ ದಿಮ್ಮಿ ಅಡ್ಡ ಇಡಿ, ಚಕ್ರಗಳಿಗೆ ತಡೆ ಕೊಡಿ.

ಮಳೆಗಾಲದಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ. ಗಾಡಿಯ ತಳ ಜೂನಿನಿಂದ ಒದ್ದೆಯೇ. ಮೇ ತಿಂಗಳಲ್ಲೇ ಮಾಡಿಕೊಳ್ಳಿ.

ಟ್ಯಾಪೆಟ್ ಕವರ್ ಪ್ಯಾಕಿಂಗ್ (ಕವರಿನ ಅಂಚಿನಡಿ ಹಾಕುವ ಸೀಲಿನ ಪಟ್ಟಿ) ಎರಡು ಸಲ ಬದಲಿಸಿದೆ. ಮತ್ತೆ ಅಲ್ಲೇ ಸೋರುತ್ತಿದೆ, ಏಕೆ?

ನನಗೆ ಮೂರು ಸಲ ಆಗಿದೆ. ಮೊದಲ ಸಲ ಪ್ಯಾಕಿಂಗ್ ಕಳಪೆ ಎಂದರು. ಎರಡನೇ ಸಲ ಪ್ಯಾಕಿಂಗಿಗೆ ಎರಡೂ ಕಡೆ ಸಿಲಿಕಾನ್ ಪೇಸ್ಟ್ ಮೆತ್ತಿದರು. ಮೂರನೇ ಸಲ ಬೋಲ್ಟನ್ನು ಎಷ್ಟು ಬಿಗಿದರೆಂದರೆ ಕವರಿನ ಅಂಚೇ ಡೊಂಕಾಯಿತು. ಆಮೇಲೆ ಮುಂದಿನ ಕ್ರ್ಯಾಂಕ್ ಸೀಲಿನಲ್ಲೂ (ಇಂಜಿನಿನ ತಿರುಗುವ ದಂಡದ ಸುತ್ತಲಿನ ರಬ್ಬರ್ ರಿಂಗು) ಜಿನುಗತೊಡಗಿತು. ಒಂದು ದಿನ ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿದೆ. ಮುಚ್ಚಳ ಕೈಯಲ್ಲೇ ಕುಣಿಯಿತು, ಬುಸುಬುಸು ಹೊಗೆ.

ಸಂಗತಿ ಇಷ್ಟೇ: ಪಿಸ್ಟನ್ ರಿಂಗು ದಾಟಿ ಸ್ವಲ್ಪ ಗಾಳಿ ಯಾವಾಗಲೂ ಇಂಜಿನಿನ ಹೊಟ್ಟೆಗೆ ಇಳಿಯುತ್ತದೆ. ಅದು ಹೊರಹೋಗಲು ಬ್ರೀದರ್ ಪೈಪ್ ಇದೆ. ಆ ಪೈಪಿನೊಳಗೆ ಮಸಿ, ಎಣ್ಣೆ, ಧೂಳು ಸೇರಿ ಗೋಂದಿನಂತೆ ಕಟ್ಟಿಕೊಂಡರೆ ಗಾಳಿಗೆ ದಾರಿ ಇಲ್ಲ. ಒತ್ತಡ ಏರಿ, ಎಲ್ಲಿ ಸೀಲು ಬಡವಾಗಿದೆಯೋ ಅಲ್ಲಿಂದ ಎಣ್ಣೆಯನ್ನು ನೂಕುತ್ತದೆ. ನನ್ನ ಗಾಡಿಯ ಪೈಪ್ ಬಿಚ್ಚಿ ಊದಿದೆ, ಗಾಳಿ ದಾಟಲಿಲ್ಲ. ತಂತಿ ತೂರಿಸಿ ಡೀಸೆಲಿನಲ್ಲಿ ತೊಳೆದೆ. ಖರ್ಚು ಸೊನ್ನೆ. ಅದಾದ ಮೇಲೆ ನಾಲ್ಕನೇ ಪ್ಯಾಕಿಂಗ್ ಹಾಕಿದ್ದು ಇಂದಿಗೂ ನಿಂತಿದೆ.

ಒಂದಕ್ಕಿಂತ ಹೆಚ್ಚು ಕಡೆ ಒಟ್ಟಿಗೆ ಸೋರಲು ಹತ್ತಿದರೆ ಸೀಲುಗಳನ್ನು ಬಯ್ಯಬೇಡಿ, ಮೊದಲು ಬ್ರೀದರ್ ನೋಡಿ. ಬ್ರೀದರ್ ಶುದ್ಧವಿದ್ದೂ ಮುಚ್ಚಳ ಕುಣಿದರೆ ರಿಂಗು, ಬೋರು ಸವೆದಿರಬೇಕು. ಆಗ ಪ್ಯಾಕಿಂಗ್ ಬದಲಿಸುವುದು ಮನೆಯ ಮಾಡು ಸೋರುವಾಗ ನೆಲ ಒರೆಸಿದಂತೆ.

ಪ್ಯಾಕಿಂಗ್ ಹಾಕುವಾಗ ಹಳೆ ಪೇಸ್ಟನ್ನು ಪೂರ್ತಿ ಕೆರೆದು ತೆಗೆಯಿರಿ, ಬೋಲ್ಟುಗಳನ್ನು ಮಧ್ಯದಿಂದ ಹೊರಕ್ಕೆ ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ರಬ್ಬರ್ ಪ್ಯಾಕಿಂಗಿಗೆ ಪೇಸ್ಟ್ ಮೆತ್ತುವುದು ಉಪಕಾರವಲ್ಲ. ಒಳಕ್ಕೆ ಉಕ್ಕಿದ ಪೇಸ್ಟಿನ ಚೂರು ಸಂಪಿನ (ಇಂಜಿನ್ ತಳದ ಆಯಿಲ್ ತೊಟ್ಟಿ) ಜಾಲರಿಯಲ್ಲಿ ಸಿಕ್ಕಿ ಆಯಿಲಿನ ದಾರಿ ಕಟ್ಟಬಹುದು.

ಆಯಿಲ್ ಚೇಂಜ್ ಮಾಡಿದ ಮರುದಿನವೇ ಸೋರಿಕೆ. ಏನಾಗಿರಬಹುದು?

ಎರಡೇ ಜಾಗ. ಡ್ರೈನ್ ಬೋಲ್ಟಿನ ವಾಷರ್ ಹಳೆಯದೇ ಹಾಕಿದ್ದಾರೆ. ತಾಮ್ರದ್ದೋ ಅಲ್ಯೂಮಿನಿಯಮ್ಮಿನದ್ದೋ, ಒಮ್ಮೆ ಒತ್ತಿದ ವಾಷರ್ ಎರಡನೇ ಸಲ ಸರಿ ಕೂರುವುದಿಲ್ಲ. ಇಲ್ಲವೇ ಹಳೆ ಫಿಲ್ಟರಿನ ರಬ್ಬರ್ ರಿಂಗು ಇಂಜಿನಿಗೇ ಅಂಟಿ ಉಳಿದು, ಅದರ ಮೇಲೆ ಹೊಸ ಫಿಲ್ಟರ್ ಕೂತಿದೆ. ಎರಡನೆಯದಾದರೆ ತಕ್ಷಣ ಗಾಡಿ ನಿಲ್ಲಿಸಿ, ಒತ್ತಡ ಏರಿದಾಗ ನಿಮಿಷಗಳಲ್ಲಿ ಎಣ್ಣೆ ಖಾಲಿಯಾದೀತು.

ಇಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ತೊಟ್ಟಿಕ್ಕುತ್ತಿದೆ. ಗೇರ್‌ಬಾಕ್ಸ್ ಇಳಿಸಲೇಬೇಕೇ?

ಮೊದಲು ಪೌಡರ್ ಪರೀಕ್ಷೆ. ಮೇಲೆ ಎಲ್ಲ ಒಣಗಿದ್ದೂ ಬೆಲ್ ಹೌಸಿಂಗಿನ ತಳದ ತೂತಿನಿಂದಲೇ ಬರುತ್ತಿದ್ದರೆ ಹೌದು, ಇಳಿಸಬೇಕು. ಕಪ್ಪು ಎಣ್ಣೆಯಾದರೆ ಇಂಜಿನಿನ ಹಿಂದಿನ ಕ್ರ್ಯಾಂಕ್ ಸೀಲ್, ಗಂಧಕದ ನಾತವಾದರೆ ಗೇರ್‌ಬಾಕ್ಸಿನ ಮುಂದಿನ ಸೀಲ್, ತೆಳು ಬ್ರೇಕ್ ಆಯಿಲಿನಂತಿದ್ದು ಕ್ಲಚ್ ಪೆಡಲ್ ಮೆತ್ತಗಾಗಿದ್ದರೆ ಕ್ಲಚ್ ಸಿಲಿಂಡರ್. ಸಿಲಿಂಡರ್ ಹೊರಗಿರುವ ಗಾಡಿಗಳಲ್ಲಿ ಅದಕ್ಕೆ ಗೇರ್‌ಬಾಕ್ಸ್ ಇಳಿಸುವುದು ಬೇಡ.

ಸೀಲಿಗೆ ನೂರರ ಲೆಕ್ಕ, ಕೂಲಿಗೆ ಸಾವಿರದ ಲೆಕ್ಕ. ಹಾಗಾಗಿ ಇಳಿಸಿದ ಮೇಲೆ ಎರಡೂ ಸೀಲ್ ಬದಲಿಸಿ, ಕ್ಲಚ್ ಪ್ಲೇಟ್ ಹೇಗಿದೆ ನೋಡಿ. ಎಣ್ಣೆ ಕುಡಿದ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಹಾಕುವ ಉಳಿತಾಯ ಮೊದಲ ಏರಿನಲ್ಲೇ ಮುಗಿಯುತ್ತದೆ.

ಇನ್ನೊಂದು ಸೂಕ್ಷ್ಮ. ಹಳೆ ಸೀಲಿನ ತುಟಿ ವರ್ಷಗಟ್ಟಲೆ ಉಜ್ಜಿ ಕ್ರ್ಯಾಂಕಿನ ಮೇಲೆ ಸಣ್ಣ ಗೀರು ಕೊರೆದಿರುತ್ತದೆ, ಉಗುರು ಎಳೆದರೆ ತಡೆಯುತ್ತದೆ. ಹೊಸ ಸೀಲಿನ ತುಟಿ ಅದೇ ಗೀರಿನಲ್ಲಿ ಕೂತರೆ ಹೊಸದೂ ಸೋರುತ್ತದೆ. ಜಾಗ ಇದ್ದರೆ ಸೀಲನ್ನು ಒಂದೆರಡು ಮಿಲಿಮೀಟರ್ ಆಚೀಚೆ ಕೂರಿಸಬಹುದು, ಇಲ್ಲವೇ ತೆಳು ಸ್ಟೀಲ್ ಸ್ಲೀವ್ ಹಾಕಬೇಕು. ಇದನ್ನು ಮೆಕ್ಯಾನಿಕ್ಕಿಗೆ ಮೊದಲೇ ನೆನಪಿಸಿ. ನಮ್ಮ ಅಣ್ಣಂದಿರು ಒಳ್ಳೆಯವರು, ಆದರೆ ಸಾಯಂಕಾಲ ಐದೂವರೆಗೆ ಎಲ್ಲರಿಗೂ ಅವಸರ.

ಆಲ್ಟರ್ನೇಟರ್ ಎಣ್ಣೆಯಲ್ಲಿ ಮಿಂದಿದೆ. ಅಲ್ಲಿಗೆ ಎಣ್ಣೆ ಹೇಗೆ ಬಂತು?

ಎಷ್ಟೋ ಹಳೆ ಡೀಸೆಲ್ ಗಾಡಿಗಳಲ್ಲಿ ಬ್ರೇಕ್ ಬೂಸ್ಟರಿನ (ಪೆಡಲ್ ಹಗುರ ಮಾಡುವ ಡಬ್ಬಿ) ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಬೆನ್ನಿಗೇ ಇದೆ, ಅದಕ್ಕೆ ಇಂಜಿನ್ ಆಯಿಲಿನ ಪೈಪೂ ಇದೆ. ಪೈಪಿನ ವಾಷರ್, ಓ-ರಿಂಗ್, ಒಳಗಿನ ಸೀಲ್ ನೋಡಿ. ಅಸಡ್ಡೆ ಮಾಡಿದರೆ ಚಾರ್ಜ್ ನಿಲ್ಲುತ್ತದೆ, ಪಂಪೂ ಕೆಟ್ಟರೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ.

ವಾರಕ್ಕೊಮ್ಮೆ ರೇಡಿಯೇಟರಿಗೆ ನೀರು ಹಾಕಬೇಕಾಗುತ್ತದೆ. ಹೊರಗೆ ಎಲ್ಲೂ ಸೋರುವುದು ಕಾಣುವುದಿಲ್ಲ.

ಕಾಣದ ಸೋರಿಕೆ ಮೂರು ಬಗೆ. ಮೊದಲನೆಯದು, ಬಿಸಿಯಲ್ಲಿ ಸೋರಿ ಅಲ್ಲೇ ಆವಿಯಾಗುವುದು. ಹೋಸಿನ ಬಾಯಿ, ರೇಡಿಯೇಟರಿನ ಅಂಚು, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು ಇಲ್ಲೆಲ್ಲ ಬಿಳಿ ಅಥವಾ ಹಸಿರು ಉಪ್ಪು ಕಟ್ಟಿದಂತೆ ಗುರುತು ಉಳಿಯುತ್ತದೆ. ಪಂಪಿನ ಆ ತೂತು ಬೇಕೆಂದೇ ಇಟ್ಟದ್ದು. ಅಲ್ಲಿ ತೊಟ್ಟು ಕಂಡರೆ ಪಂಪಿನ ಸೀಲ್ ಹೋಗಿದೆ ಎಂದು ಅರ್ಥ. ಅದನ್ನು ಎಂ-ಸೀಲಿನಿಂದ ಮುಚ್ಚಿದ ಒಬ್ಬ ಮಹಾನುಭಾವನನ್ನು ನಾನು ಬಲ್ಲೆ. ನೀರು ಬೇರಿಂಗಿಗೆ ಹೋಯಿತು.

ಎರಡನೆಯದು ಮುಚ್ಚಳ. ರೇಡಿಯೇಟರ್ ಮುಚ್ಚಳ ಒತ್ತಡ ಹಿಡಿದಿಟ್ಟರೆ ಮಾತ್ರ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಅದರ ರಬ್ಬರ್ ಗಟ್ಟಿಯಾದರೆ ನೀರು ಉಕ್ಕಿ ಹೋಗುತ್ತದೆ. ಎಲ್ಲಕ್ಕಿಂತ ಅಗ್ಗದ ಸಾಮಾನು ಇದು, ಮೊದಲು ಇದನ್ನೇ ಬದಲಿಸಿ ನೋಡಿ.

ಮೂರನೆಯದು ಹೆಡ್ ಪ್ಯಾಕಿಂಗ್ (ಇಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನದು) ಹೋಗಿರುವುದು. ಅದರ ಗುರುತು: ಇಂಜಿನ್ ಬಿಸಿಯಾದ ಮೇಲೂ ಬಿಡದ ಬಿಳಿ ಹೊಗೆ, ಓಡುವಾಗ ನೀರಿನ ಡಬ್ಬಿಯಲ್ಲಿ ಗುಳ್ಳೆ, ಆಯಿಲ್ ಮುಚ್ಚಳದಡಿ ಹಾಲು ಬೆರೆತ ಚಹಾದಂತೆ ಕೆನೆ. ಬರೇ ಮುಚ್ಚಳದ ಕೆನೆ ನೋಡಿ ಹೆದರಬೇಡಿ. ಮಳೆಗಾಲದಲ್ಲಿ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ತೇವದಿಂದಲೂ ಹಾಗಾಗುತ್ತದೆ. ಗೇಜ್ ಕಡ್ಡಿಯಲ್ಲೂ ಹಾಲು ಕಂಡರೆ ಮಾತ್ರ ಖಾತ್ರಿ. ಮತ್ತೆ ಸ್ಟಾರ್ಟ್ ಮಾಡಬೇಡಿ, ಕಟ್ಟಿ ಎಳೆಸಿಕೊಂಡು ಹೋಗಿ.

ಹಾಕುವುದಾದರೆ ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ. ಕುಂಬಳೆ, ಉಪ್ಪಳದ ಕಡಲ ಬದಿಯ ಬಾವಿಗಳಲ್ಲಿ ಉಪ್ಪಿನಂಶ ಇರುವುದುಂಟು, ಒಳಗಿನ ಲೋಹ ತಿನ್ನಲು ಅಷ್ಟು ಸಾಕು. ದಾರಿಯಲ್ಲಿ ಕಷ್ಟಕ್ಕೆ ಬಾವಿನೀರು ಹಾಕಿದರೆ ಮನೆಗೆ ಬಂದು ಬದಲಿಸಿ. ಬಿಸಿ ಇಂಜಿನಿನ ಮುಚ್ಚಳವನ್ನು ಎಷ್ಟೇ ದಪ್ಪ ಬಟ್ಟೆ ಹಿಡಿದರೂ ತೆಗೆಯಬೇಡಿ. ಅರ್ಧ ಗಂಟೆ ಕಾಯಿರಿ.

ರೇಡಿಯೇಟರಿಗೆ ಅರಿಶಿನ ಪುಡಿ ಹಾಕಿದರೆ ಸೋರಿಕೆ ನಿಲ್ಲುತ್ತದಂತೆ?

ನಿಲ್ಲುತ್ತದೆ. ನಾನೇ ಒಮ್ಮೆ ಅಡ್ಕಸ್ಥಳದ ಹತ್ತಿರ ಹಾಕಿ ಮನೆ ಮುಟ್ಟಿದ್ದೇನೆ. ಆದರೆ ಸೂಜಿ ತೂತು ಮುಚ್ಚುವ ಪುಡಿ ರೇಡಿಯೇಟರಿನ ಸಪೂರ ನಾಳಗಳನ್ನೂ ಮುಚ್ಚುತ್ತದೆ. ಅಂಗಡಿಯಲ್ಲಿ ಸಿಗುವ ಬಾಟ್ಲಿ ಮದ್ದಿಗೂ ಇದೇ ಮಾತು. ಮನೆ ಮುಟ್ಟಲು ಮಾತ್ರ.

ಹಿಂದಿನ ಚಕ್ರದ ಒಳಬದಿ ಒದ್ದೆಯಾಗಿದೆ.

ಗಾಡಿ ನಿಲ್ಲಿಸಿ. ಇಲ್ಲಿ ಎರಡು ಸಾಧ್ಯತೆ. ದಪ್ಪಗೆ ನಾತವಿದ್ದರೆ ಹೌಸಿಂಗಿನ ಗೇರ್ ಆಯಿಲ್ ಆಕ್ಸೆಲ್ ಸೀಲ್ ದಾಟಿ ಬಂದಿದೆ. ತೆಳು ಎಣ್ಣೆಯಾಗಿದ್ದು ಬ್ರೇಕ್ ಡಬ್ಬಿಯೂ ಇಳಿದಿದ್ದರೆ ಡ್ರಮ್ಮಿನೊಳಗಿನ ವೀಲ್ ಸಿಲಿಂಡರ್. ಎರಡರಲ್ಲೂ ಬ್ರೇಕ್ ಲೈನರ್ ಎಣ್ಣೆ ಕುಡಿದಿದ್ದರೆ ಲೈನರ್ ಬದಲಿಸಲೇಬೇಕು, ಎರಡೂ ಚಕ್ರದ್ದು ಜೊತೆಯಾಗಿ. ಒಂದು ಬದಿ ಮಾತ್ರ ಹೊಸತಾದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಒಂದು ಮಾರ್ಚಿನಲ್ಲಿ ಜಾಲ್ಸೂರು ಕಡೆಯಿಂದ ಲೋಡಿನೊಂದಿಗೆ ಬರುತ್ತಿದ್ದೆ. ಆದೂರು ದಾಟಿದ ಮೇಲೆ ಪೆಡಲ್ ಎಂದಿಗಿಂತ ಎರಡು ಬೆರಳು ಕೆಳಗಿಳಿಯಿತು. ಎರಡು ಸಲ ಒತ್ತಿದರೆ ಸರಿಯಾಗುತ್ತಿತ್ತು, ಹಾಗಾಗಿ ಮನೆಗೆ ಹೋಗಿ ನೋಡೋಣ ಎಂದುಕೊಂಡೆ. ಚೆರ್ಕಳದ ಇಳಿಜಾರಿನಲ್ಲಿ ಪೆಡಲ್ ನೆಲಕ್ಕೆ ತಾಗಿತು. ಎರಡನೇ ಗೇರು, ಹ್ಯಾಂಡ್ ಬ್ರೇಕು, ರಸ್ತೆ ಬದಿಯ ಮಣ್ಣಿನ ರಾಶಿ. ಗಾಡಿಗೂ ನನಗೂ ಏನೂ ಆಗಲಿಲ್ಲ. ಹಿಂದಿನ ಎಡ ಚಕ್ರದ ರಿಮ್ಮಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಎಣ್ಣೆಯ ಗೆರೆ ಇತ್ತು. ಬೆಳಿಗ್ಗೆ ಲೋಡ್ ಮಾಡುವಾಗಲೂ ಅದು ಇದ್ದಿರಲೇಬೇಕು, ನಾನು ನೋಡಿರಲಿಲ್ಲ.

ರಿಪೇರಿ ಆದ ಮೇಲೆ ಬ್ರೇಕ್ ಪೈಪಿನ ಏರ್ ತೆಗೆಯುವುದನ್ನು ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿನಿಂದ (ಪೆಡಲ್ ಒತ್ತುವ ಸಿಲಿಂಡರ್) ಅತಿ ದೂರದ ಚಕ್ರದಿಂದ ಶುರು ಮಾಡಿ. ಮುಚ್ಚಳದ ಮೇಲೆ ಬರೆದ ದರ್ಜೆಯ ಆಯಿಲನ್ನೇ ಹಾಕಿ. ಡಾಟ್ 3 ದರ್ಜೆಯದು ಹೊಸತಿರುವಾಗ ಕನಿಷ್ಠ 205 ಡಿಗ್ರಿ ತನಕ ಕುದಿಯುವುದಿಲ್ಲ. ನೀರು ಹೀರಿ ಹಳತಾದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಗಾಳಿಯ ತೇವ ಹೀರುವುದು ಅದರ ಗುಣ, ನಮ್ಮಲ್ಲಿ ತೇವಕ್ಕೆ ಬರವಿಲ್ಲ. ಪಾಣತ್ತೂರು, ಕರಿಕೆ ಘಾಟಿ ಇಳಿಯುವವರು ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಕಡಲ ಬದಿಯ ಗಾಡಿಗಳಲ್ಲಿ ಚಾಸಿ ಮೇಲಿನ ಸ್ಟೀಲ್ ಪೈಪನ್ನೂ ಬೆರಳಾಡಿಸಿ ನೋಡಿ, ಕ್ಲಿಪ್ಪಿನ ಅಡಿಯಲ್ಲೇ ತುಕ್ಕು ತಿನ್ನುವುದು. ಪೈಂಟಿನ ಮೇಲೆ ಬ್ರೇಕ್ ಆಯಿಲ್ ಬಿದ್ದರೆ ಕೂಡಲೇ ನೀರು ಹೊಯ್ಯಿರಿ, ಪೈಂಟ್ ಏಳುತ್ತದೆ.

ಹೌಸಿಂಗಿನ ಸೀಲ್ ಬದಲಿಸಿ ಆರು ತಿಂಗಳಾಗಲಿಲ್ಲ, ಮತ್ತೆ ಸೋರುತ್ತಿದೆ.

ಇದಕ್ಕೂ ಉಸಿರಾಟದ ತೂತು ಇದೆ. ಆಕ್ಸೆಲ್ ಕೊಳವೆಯ ಮೇಲೆ ಸಣ್ಣ ಟೊಪ್ಪಿಯಂಥದ್ದು. ಕ್ವಾರಿಯ ಕೆಂಪು ಧೂಳು ಅದರಲ್ಲಿ ಗಾರೆಯಂತೆ ಕೂತಿರುತ್ತದೆ. ಬಿಚ್ಚಿ ತೊಳೆಯಿರಿ. ಆಯಿಲ್ ಹಾಕುವ ತೂತಿನ ಮಟ್ಟಕ್ಕಿಂತ ಹೆಚ್ಚು ತುಂಬಿಸಿದರೂ ಸೋರುತ್ತದೆ. ಮಳೆಗಾಲದಲ್ಲಿ ತೋಡು ದಾಟಿಸಿದ ಗಾಡಿಯಾದರೆ ಆಯಿಲ್ ಹಾಲಾಗಿದೆಯೇ ನೋಡಿ, ಬಿಸಿ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಕ್ಕೆ ನೀರು ಎಳೆಯುತ್ತದೆ.

ಹೊರಗೆ ಡೀಸೆಲ್ ಸೋರುವುದಿಲ್ಲ, ಆದರೆ ಬೆಳಿಗ್ಗೆ ಬೇಗ ಸ್ಟಾರ್ಟ್ ಆಗುವುದಿಲ್ಲ. ಇದೂ ಸೋರಿಕೆಯೇ?

ಆಗಿರಬಹುದು. ಟ್ಯಾಂಕಿಯಿಂದ ಪಂಪಿನವರೆಗಿನ ಪೈಪಿನಲ್ಲಿ ಎಳೆತ ಇರುತ್ತದೆ, ಹಾಗಾಗಿ ಡೀಸೆಲ್ ಹೊರಬರುವ ಬದಲು ಗಾಳಿ ಒಳಹೋಗುತ್ತದೆ. ಫಿಲ್ಟರಿನ ಓ-ರಿಂಗ್, ಬೋಲ್ಟಿನ ತಾಮ್ರದ ವಾಷರ್, ಹ್ಯಾಂಡ್ ಪಂಪ್, ಒಣಗಿದ ರಬ್ಬರ್ ಪೈಪ್ ನೋಡಿ. ಕಾಮನ್ ರೈಲ್ ಇಂಜಿನ್ ಓಡುತ್ತಿರುವಾಗ ನಾಝಲ್ ಪೈಪಿನ ಸೋರಿಕೆಯನ್ನು ಕೈಯಿಂದ ಮುಟ್ಟಿ ಹುಡುಕಬೇಡಿ. ಅಲ್ಲಿ ಒತ್ತಡ 1000 ಬಾರ್ ದಾಟುತ್ತದೆ, ಡೀಸೆಲ್ ಸೂಜಿಯಂತೆ ಚರ್ಮದೊಳಗೆ ನುಗ್ಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ.

ಎಷ್ಟು ಸೋರಿದರೆ ಸುಮ್ಮನಿರಬಹುದು?

ಬ್ರೇಕ್ ಮತ್ತು ಡೀಸೆಲ್: ಒಂದು ತೊಟ್ಟೂ ಇಲ್ಲ. ಕೂಲೆಂಟ್: ವಾರದೊಳಗೆ ಸರಿಮಾಡಿ. ಇಂಜಿನ್ ಆಯಿಲ್ ಬರೇ ಬೆವರಿದಂತೆ ಇದ್ದು ಹಾಳೆಗೆ ಬೀಳದಿದ್ದರೆ ಒರೆಸುತ್ತಾ ಇರಿ. ನಿಮಿಷಕ್ಕೊಂದು ತೊಟ್ಟು ಬಿದ್ದರೆ ದಿನಕ್ಕೆ 1440 ತೊಟ್ಟು, ಅಂದಾಜು 50 ಮಿಲಿಲೀಟರ್. ತಿಂಗಳಿಗೆ ಒಂದೂವರೆ ಲೀಟರ್. ಇದರ ಮೇಲೆ ಎಕ್ಸಾಸ್ಟ್ ಪೈಪಿನ ಮೇಲೆ ಬೀಳುವ ತೊಟ್ಟು ಎಷ್ಟೇ ಸಣ್ಣದಾದರೂ ಬೆಂಕಿಯ ಭಯ. ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ವರ್ಷ ವರ್ಷ ಫಿಟ್‌ನೆಸ್ ಇದೆಯಲ್ಲ, ಅದರ ತಾರೀಕಿಗೆ ಒಂದು ತಿಂಗಳು ಮೊದಲೇ ಕೈ ಹಾಕಿ. ಹಿಂದಿನ ದಿನ ಡೀಸೆಲಿನಲ್ಲಿ ತೊಳೆದು ಹೊಳಪು ಮಾಡಿ ಕೊಂಡುಹೋಗುವ ವಿದ್ಯೆ ನನಗೂ ಗೊತ್ತು, ಇಲ್ಲಿ ಬರೆಯುವುದಿಲ್ಲ.

ತೆಗೆದ ಹಳೆ ಆಯಿಲನ್ನು ಏನು ಮಾಡಲಿ?

ನಮ್ಮಲ್ಲಿ 'ಕರಿ ಓಯಿಲ್' ಎಂದು ಬೇಲಿ ಕಂಬಕ್ಕೆ, ಒರಲೆ ಹಿಡಿದ ಮರಕ್ಕೆ ಹಚ್ಚುವುದು ವಾಡಿಕೆ. ಬಾವಿಯ ಬದಿ, ತೋಡಿನ ಬದಿ ಹಚ್ಚಬೇಡಿ. ಕೆಂಪುಕಲ್ಲಿನ ನೆಲ ತೂತುಗಳಿಂದ ತುಂಬಿದೆ, ಮೊದಲ ಮಳೆಗೇ ಇಳಿಯುತ್ತದೆ. ಕ್ಯಾನಿನಲ್ಲಿ ತುಂಬಿಸಿ ಗ್ಯಾರೇಜಿಗೆ ಕೊಟ್ಟರೆ ಕೊಂಡುಹೋಗುವವರು ಬರುತ್ತಾರೆ. ಅಂಗಳದ ಕಲೆಗೆ ಮರದ ಹುಡಿ ಹಾಕಿ ಒಂದು ರಾತ್ರಿ ಬಿಟ್ಟು ಗುಡಿಸಿ.

ನಾನು ಏನೂ ಮಾಡಲಿಲ್ಲ, ಗೇರ್‌ಬಾಕ್ಸಿನ ಸೋರಿಕೆ ತಾನಾಗಿಯೇ ನಿಂತಿತು!

ಒಳಗೆ ಏನೂ ಉಳಿದಿಲ್ಲದಿರಬಹುದು. ಇಂಜಿನಿಗಾದರೆ ಕೆಂಪು ಲೈಟ್ ಇದೆ, ಗೇರ್‌ಬಾಕ್ಸಿಗೂ ಹೌಸಿಂಗಿಗೂ ಅದಿಲ್ಲ. ಪಕ್ಕದ ಬೋಲ್ಟ್ ಬಿಚ್ಚಿ ಕಿರುಬೆರಳು ತೂರಿಸಿ, ಕೆಳಕ್ಕೆ ಬಗ್ಗಿಸಿ. ತೂತಿನ ಅಂಚಿನಲ್ಲೇ ಎಣ್ಣೆ ತಾಗಬೇಕು. ತಾಗದಿದ್ದರೆ ಇಂದಿನ ಬಾಡಿಗೆ ಬೇರೆಯವರಿಗೆ ಹೇಳಿ.